ಪತ್ರದ ಫಲವೋ, ಋತುವಿನ ಫಲವೋ?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಈ ಐದು ಊರುಗಳಲ್ಲಿ ಗಿರಾಕಿಗಳುಳ್ಳ ಒಬ್ಬ ಸಿಮೆಂಟು ವರ್ತಕನನ್ನು ಕಲ್ಪಿಸಿಕೊಳ್ಳೋಣ. ಅವನು ಮೇ 1 ಮತ್ತು 4ರಂದು ಎರಡು ಪ್ರಚಾರಪತ್ರಗಳನ್ನು ಇ-ಮೇಲ್ ಮೂಲಕ ಕಳುಹಿಸಿದನು. 6ರಂದು ಒಬ್ಬ ಗಿರಾಕಿ 8,000 ರೂಪಾಯಿಯ ಸಿಮೆಂಟು ಕೊಂಡನು. ಈ ಹಣವನ್ನು ಯಾವ ಪತ್ರದ ಲೆಕ್ಕಕ್ಕೆ ಬರೆಯಬೇಕು?

ಪತ್ರಗಳ ಪಟ್ಟಿಯನ್ನೂ ಖರೀದಿಗಳ ಪಟ್ಟಿಯನ್ನೂ ಗಿರಾಕಿಯ ಸಂಖ್ಯೆಯಿಂದ ಗಣಕಯಂತ್ರವು ಸುಮ್ಮನೆ ಜೋಡಿಸಿದರೆ, ಒಂದೇ ಖರೀದಿ ಎರಡೂ ಪತ್ರಗಳ ಎದುರು ಬಂದು ಮೊತ್ತವು 16,000 ಆಗುತ್ತದೆ. ಆದುದರಿಂದ ಖರೀದಿಯನ್ನು ಕೊನೆಯ ಪತ್ರಕ್ಕೆ ಮಾತ್ರ ಸೇರಿಸಬೇಕು, ಇಲ್ಲವೆ ಎರಡಕ್ಕೂ ಹಂಚಬೇಕು. ಒಟ್ಟು 8,000ವನ್ನು ಮೀರಕೂಡದು.

ಇದರಿಂದ ಕೂಡಿಕೆ ಸರಿಹೋಯಿತು, ಕಾರಣ ತಿಳಿಯಲಿಲ್ಲ. ಮಳೆಗಾಲಕ್ಕೆ ಮುಂಚೆ ಮನೆಕೆಲಸ ಮುಗಿಸುವ ಆತುರ ಎಲ್ಲರಿಗೂ ಉಂಟು. ಪತ್ರ ಬಾರದಿದ್ದರೂ ಆ ಗಿರಾಕಿ ಕೊಳ್ಳುತ್ತಿದ್ದನೇನೋ! ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದಂತೆ ಇದೂ ಆಗಿರಬಹುದು.

ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾಲಯದಲ್ಲಿದ್ದ ಆರ್. ಎ. ಫಿಷರ್ 1920ರ ದಶಕದಲ್ಲಿ ಇಂತಹ ತೊಡಕಿಗೆ ಉಪಾಯವನ್ನು ರೂಪಿಸಿದರು. ಗೊಬ್ಬರದ ಗುಣವನ್ನರಿಯಲು ಹೊಲದ ತುಂಡುಗಳನ್ನು ಚೀಟಿಯೆತ್ತಿದಂತೆ ಆರಿಸಿ, ಕೆಲವಕ್ಕೆ ಗೊಬ್ಬರ ಹಾಕಿ, ಕೆಲವನ್ನು ಹಾಗೆಯೇ ಬಿಡುವುದು. ನಮ್ಮ ವರ್ತಕನೂ ಪ್ರತಿ ಊರಿನಲ್ಲಿ ಚೀಟಿಯೆತ್ತಿ, ಅರ್ಧದಷ್ಟು ಗಿರಾಕಿಗಳಿಗೆ ಪತ್ರ ಕಳುಹಿಸದಿರಲಿ. ಪತ್ರ ಪಡೆದವರ ಸರಾಸರಿ ಖರೀದಿ 900 ರೂಪಾಯಿ, ಪಡೆಯದವರದು 850 ಎಂದಿಟ್ಟುಕೊಂಡರೆ, ಪತ್ರದ ಫಲವು ತಲೆಗೆ 50 ಮಾತ್ರ. ಗಿರಾಕಿಗಳು ಕೆಲವೇ ಮಂದಿಯಾದರೆ ಈ ಅಂತರವೂ ಆಕಸ್ಮಿಕವಾಗಿರಬಹುದು.

ಆ 50 ರೂಪಾಯಿಯ ವ್ಯಾಪಾರದಿಂದ ದೊರೆಯುವ ಲಾಭಕ್ಕಿಂತ ಪತ್ರದಲ್ಲಿ ಸಾರಿದ ರಿಯಾಯಿತಿಯ ಹೊರೆ ಹೆಚ್ಚಾದರೆ, ಮಾರಾಟ ಏರಿದರೂ ವರ್ತಕನಿಗೆ ನಷ್ಟವೇ ಸರಿ.