‘ಏನೂ ತೊಂದರೆ ಇಲ್ಲ ಸಿಸ್ಟರ್’

2018ರ ಆಗಸ್ಟ್ ತಿಂಗಳ ನಡುವಿನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ಮಡಿಕೇರಿಯ ಒಂದು ಪರಿಹಾರ ಕೇಂದ್ರದಲ್ಲಿ ನನಗೆ ಡ್ಯೂಟಿ ಬಿತ್ತು. ದೊಡ್ಡ ಹಾಲ್. ಮಕ್ಕಂದೂರು, ಮುಕ್ಕೋಡ್ಲು, ಹೆಮ್ಮೆತ್ತಾಳು ಕಡೆಯಿಂದ ಉಟ್ಟ ಬಟ್ಟೆಯಲ್ಲೇ ಬಂದವರು ಚಾಪೆ ಹಾಸಿಕೊಂಡು ಕೂತಿದ್ದರು. ನನ್ನ ಚೀಲದಲ್ಲಿ ಬ್ಯಾಂಡೇಜು, ಹೊಲಿಗೆಯ ಸಾಮಾನು, ಸಲೈನ್ ಬಾಟಲಿ. ವಿಪತ್ತು ಎಂದರೆ ರಕ್ತ, ಮುರಿದ ಮೂಳೆ ಎಂದೇ ನಾನು ತಿಳಿದಿದ್ದೆ. ನರ್ಸಿಂಗ್ ಓದುವಾಗ ಟ್ರಯಾಜ್ ಕಲಿತಿದ್ದೆವು: ತಕ್ಷಣ ನೋಡಬೇಕಾದವರಿಗೆ ಕೆಂಪು ಪಟ್ಟಿ, ಸ್ವಲ್ಪ ಕಾಯಬಲ್ಲವರಿಗೆ ಹಳದಿ, ಎದ್ದು ನಡೆಯುವವರಿಗೆ ಹಸಿರು, ಉಳಿಯದವರಿಗೆ ಕಪ್ಪು.

ಭೂಕುಸಿತದ ಲೆಕ್ಕ ಬೇರೆ. ಮಣ್ಣಿನಡಿ ಸಿಕ್ಕವರಲ್ಲಿ ಬದುಕಿ ಬರುವವರು ಕಡಿಮೆ, ತಪ್ಪಿಸಿಕೊಂಡು ಓಡಿ ಬಂದವರಿಗೆ ಹೆಚ್ಚಾಗಿ ತರಚುಗಾಯ, ಜಿಗಣೆ ಕಡಿತ, ಉಳುಕು. ಆ ಹಾಲ್‌ನಲ್ಲಿದ್ದವರೆಲ್ಲ ಹಸಿರು ಪಟ್ಟಿಯವರೇ ಅಂದುಕೊಂಡೆ. ಒಬ್ಬೊಬ್ಬರ ಹತ್ತಿರವೂ ಹೋಗಿ “ಏನಾದರೂ ತೊಂದರೆ ಇದೆಯಾ?” ಎಂದು ಕೇಳುತ್ತ ಬಂದೆ. ಕಂಬಕ್ಕೆ ಒರಗಿ ಕೂತಿದ್ದ ಅಜ್ಜರೊಬ್ಬರನ್ನು ಎರಡು ದಿನದಲ್ಲಿ ಮೂರು ಸಲ ಕೇಳಿದ್ದೇನೆ. ಮೂರು ಸಲವೂ ಅವರು, “ಏನೂ ತೊಂದರೆ ಇಲ್ಲ ಸಿಸ್ಟರ್, ಆ ಮಗುವನ್ನು ನೋಡಿ” ಎಂದರು.

ಮೂರನೆಯ ದಿನ ಬೆಳಿಗ್ಗೆ ಅವರನ್ನು ಎಬ್ಬಿಸಿದರೆ ಸರಿಯಾಗಿ ಏಳಲಿಲ್ಲ. ಉಸಿರು ಜೋರಾಗಿತ್ತು, ಅದರಲ್ಲಿ ಮಾಗಿದ ಹಣ್ಣಿನ ವಾಸನೆ. ಗ್ಲುಕೋಮೀಟರ್ ಅಂಕಿ ತೋರಿಸುವುದನ್ನೇ ಬಿಟ್ಟು ‘ಹೈ’ ಎಂದಿತು. ಹತ್ತು ವರ್ಷದಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದ ಮನುಷ್ಯ. ಇನ್ಸುಲಿನ್ ಫ್ರಿಜ್‌ನಲ್ಲಿತ್ತು, ಫ್ರಿಜ್ ಮನೆಯೊಂದಿಗೆ ಮಣ್ಣಿನಡಿಗೆ ಹೋಗಿತ್ತು. ಊರಿಗೆ ಊರೇ ಕೊಚ್ಚಿಹೋಗಿರುವಾಗ ತನ್ನ ಸೂಜಿಮದ್ದಿನ ಮಾತು ಎತ್ತುವುದು ಅವರಿಗೆ ಸಂಕೋಚ. ಆಂಬುಲೆನ್ಸ್ ಬರುವವರೆಗೆ ಅವರ ಕೈ ಹಿಡಿದು ಕೂತಿದ್ದೆ. ಅವರು ಉಳಿದರು. ಆದರೆ ನಾನು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು.

ಅಂದಿನಿಂದ ‘ತೊಂದರೆ’ ಎಂಬ ಪದ ಬಿಟ್ಟೆ. “ಮನೆಯಲ್ಲಿ ದಿನಾ ಯಾವ ಮಾತ್ರೆ ನುಂಗುತ್ತಿದ್ದಿರಿ? ಕೊನೆಯ ಸಲ ಯಾವಾಗ?” ಎಂದು ಕೇಳತೊಡಗಿದೆ. ಬಿ.ಪಿ., ಶುಗರ್, ಥೈರಾಯ್ಡ್, ಫಿಟ್ಸ್, ಟಿ.ಬಿ. ಎಂದು ಉತ್ತರಗಳು ಬಂದವು. ಫಿಟ್ಸ್ ಮಾತ್ರೆ, ಟಿ.ಬಿ. ಮಾತ್ರೆ ನಿಲ್ಲಿಸುವಂಥವಲ್ಲ. ಎಷ್ಟೋ ಜನ ಹಿರಿಯರಿಗೆ ತಮ್ಮ ಮದ್ದಿನ ಹೆಸರು ಗೊತ್ತಿರಲಿಲ್ಲ. “ಬಿಳಿ ಮಾತ್ರೆ, ಸಣ್ಣದು” ಎನ್ನುವರು. ಸಣ್ಣ ಬಿಳಿ ಮಾತ್ರೆಗಳು ನೂರಾರಿವೆ. ಚೀಟಿ ಮನೆಯಲ್ಲಿತ್ತು, ಕನ್ನಡಕವೂ ಮನೆಯಲ್ಲಿತ್ತು.

ಆಗ ಕೈಹಿಡಿದವಳು ಒಬ್ಬ ಆಶಾ ಕಾರ್ಯಕರ್ತೆ. ಮನೆ ಕಳೆದುಕೊಂಡು ಅವಳೂ ಅದೇ ಹಾಲ್‌ನಲ್ಲಿ ಚಾಪೆಯ ಮೇಲಿದ್ದಳು. ರಿಜಿಸ್ಟರ್ ಇಲ್ಲ, ತಾಯಿ ಕಾರ್ಡ್‌ಗಳಿಲ್ಲ. ಆದರೂ ಯಾರಿಗೆ ಎಷ್ಟು ತಿಂಗಳು, ಯಾವ ಮಗುವಿಗೆ ಯಾವ ಚುಚ್ಚುಮದ್ದು ಬಾಕಿ, ಯಾರ ಮನೆಯ ಅಜ್ಜಿಗೆ ಹೃದಯದ ಮಾತ್ರೆ ಎಂದು ಮನೆಮನೆಯದನ್ನೂ ನೆನಪಿನಿಂದಲೇ ಹೇಳುತ್ತ ಹೋದಳು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮಳೆ ಎಲ್ಲ ಕಡೆಯೂ ಸುರಿಯುತ್ತದೆ. ನೋಡಿಕೊಳ್ಳಬೇಕಾದವರೇ ನಿರಾಶ್ರಿತರಾಗುವಷ್ಟು ಊರಿನ ಶಕ್ತಿ ಕುಸಿದಾಗ ಅದು ವಿಪತ್ತು. ಪುಸ್ತಕದಲ್ಲಿ ಓದಿದ್ದ ಆ ವ್ಯಾಖ್ಯೆಯ ಅರ್ಥ ನನಗಾದದ್ದು ಅವಳ ಪಕ್ಕದಲ್ಲಿ ಕೂತಾಗ.

ಇನ್ನೊಂದು ಪಾಠ ಹಾಲಿನ ಪುಡಿಯದು. ಡಬ್ಬಗಳು ರಾಶಿಯಾಗಿ ಬಂದವು, ಕೊಟ್ಟವರ ಮನಸ್ಸು ಒಳ್ಳೆಯದೇ. ಆದರೆ ನೀರಿಗೆ ಕ್ಲೋರಿನ್ ಮಾತ್ರೆ ಹಾಕಿ ಕುಡಿಯುತ್ತಿರುವ ಜಾಗದಲ್ಲಿ, ಬಾಟಲಿ ಕುದಿಸಲು ಅನುಕೂಲವಿಲ್ಲದಾಗ, ಆ ಡಬ್ಬ ಎಳೆಗೂಸಿಗೆ ಭೇದಿ ತರಬಹುದು. “ಹೆದರಿಕೆಗೆ ನನ್ನ ಹಾಲು ಬತ್ತಿತು ಸಿಸ್ಟರ್” ಎಂದು ಬಾಣಂತಿಯೊಬ್ಬಳು ಅತ್ತಳು. ಹಾಲು ಹಾಗೆ ಬತ್ತುವುದಿಲ್ಲ, ಭಯದಲ್ಲಿ ಇಳಿಯುವುದು ತಡವಾಗುತ್ತದೆ, ಅಷ್ಟೆ. ಸೀರೆಗಳನ್ನು ಕಟ್ಟಿ ಒಂದು ಮೂಲೆ ಮರೆ ಮಾಡಿದೆವು. ಬಿಸಿ ಗಂಜಿ ಕೊಟ್ಟು, ಮಗುವನ್ನು ಎದೆಗೆ ಹಚ್ಚಿ, ಅವಳನ್ನು ಹಾಗೇ ಬಿಟ್ಟೆವು. ಸಂಜೆಯ ಹೊತ್ತಿಗೆ ಮಗು ಕುಡಿಯುತ್ತಿತ್ತು. ಸ್ಯಾನಿಟರಿ ಪ್ಯಾಡ್‌ಗಳ ಪೆಟ್ಟಿಗೆಯನ್ನೂ ಆ ಮರೆಯ ಹಿಂದೆಯೇ ಇಟ್ಟೆ. ಹುಡುಗರು ಹಂಚುತ್ತಿದ್ದ ಮೇಜಿನ ಮೇಲೆ ಎರಡು ದಿನ ಯಾರೂ ಮುಟ್ಟದೆ ಬಿದ್ದಿದ್ದ ಪೆಟ್ಟಿಗೆ ಒಂದೇ ರಾತ್ರಿಯಲ್ಲಿ ಖಾಲಿಯಾಯಿತು.

ರಾತ್ರಿ ಶೀಟಿನ ಮೇಲೆ ಮಳೆ ಜೋರಾದರೆ ಮಲಗಿದ್ದವರು ಎದ್ದು ಚೀಲ ಕೈಗೆತ್ತಿಕೊಳ್ಳುತ್ತಿದ್ದರು. ಗುಡ್ಡ ಜರಿದ ಹೊತ್ತಿನ ಕಥೆಯನ್ನು ಹಗಲಿಡೀ ಬಂದವರಿಗೆಲ್ಲ ಹೇಳಿ ಹೇಳಿ ದಣಿದ ಜನ. ನಾನು ಕೇಳಲಿಲ್ಲ. ಪಕ್ಕದಲ್ಲಿ ಕೂತೆ. ಹೇಳಿದವರದನ್ನು ಕೇಳಿಸಿಕೊಂಡೆ, ಸುಮ್ಮನಿದ್ದವರನ್ನು ಸುಮ್ಮನಿರಲು ಬಿಟ್ಟೆ.

ಗುಡ್ಡದ ಬುಡದಲ್ಲಿ, ಹೊಳೆಯ ದಡದಲ್ಲಿ ಮನೆ ಇರುವವರಲ್ಲಿ ನನ್ನದೊಂದು ಕೋರಿಕೆ. ಮನೆಯ ಪ್ರತಿಯೊಬ್ಬರ ಮದ್ದಿನ ಹೆಸರು, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ ಎಂಬುದನ್ನು ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಒಂದು ವಾರದ ಮಾತ್ರೆಯ ಜೊತೆ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ರೇಷನ್ ಕಾರ್ಡ್ ಇರುವ ಚೀಲದಲ್ಲಿಡಿ. ಮುಂಗಾರು ಶುರುವಾಗುವ ಮೊದಲೇ ಇಡಿ.