ಕ್ಯಾಮೆರಾ ಮುನಿಸಿಕೊಂಡಾಗ

ಚಿಕ್ಕಬಾಣಾವರದ ಕೆರೆ ದಂಡೆಯಲ್ಲಿ ನಿಂತು ಡಿಜಿಟಲ್ ಕ್ಯಾಮೆರಾದಲ್ಲಿ ಕೊಕ್ಕರೆಯ ಚಿತ್ರ ತೆಗೆದಿರಿ ಎನ್ನೋಣ. ಪರದೆಯ ಮೇಲೆ ಬರೀ ಕಪ್ಪು! ಮಸೂರದ ಮುಚ್ಚಳ ತೆಗೆದಿದ್ದೀರಾ? ನಗಬೇಡಿ, ದೊಡ್ಡವರೂ ಮರೆಯುತ್ತಾರೆ.

ಈಗ ಹಳೆಯ ಚಿತ್ರವೊಂದನ್ನು ತೆರೆದು ನೋಡಿ. ಅದು ಚೆನ್ನಾಗಿ ಕಂಡರೆ ಪರದೆ ಸರಿಯಿದೆ, ಮೆಮೊರಿ ಕಾರ್ಡನ್ನೂ ಕ್ಯಾಮೆರಾ ಓದುತ್ತಿದೆ. ಹಾಗಾದರೆ ದೋಷವನ್ನು ಬೆಳಕು ಬರುವ ದಾರಿಯಲ್ಲಿ ಹುಡುಕಬೇಕು: ಮಸೂರ, ಶಟರ್, ಇಲ್ಲವೇ ಬೆಳಕನ್ನು ವಿದ್ಯುತ್ ಸಂಕೇತವಾಗಿಸುವ ಸಂವೇದಕ. ಸೋನಿ ತಯಾರಿಸಿದ ಸಂವೇದಕಗಳಿದ್ದ ಹಲವು ಕಂಪನಿಗಳ ಕ್ಯಾಮೆರಾಗಳಲ್ಲಿ 2005ರಲ್ಲಿ ಇಂಥದೇ ದೋಷ ಪತ್ತೆಯಾಯಿತು. ಬಿಸಿಲು, ತೇವ ಹೆಚ್ಚಿರುವ ಕಡೆ ಸಂವೇದಕದೊಳಗಿನ ತಂತಿಯ ಸಂಪರ್ಕ ಕಡಿದು ಚಿತ್ರ ಕಪ್ಪಾಗುತ್ತಿತ್ತು, ಇಲ್ಲವೇ ಬಣ್ಣಗೆಡುತ್ತಿತ್ತು.

ಗುಂಡಿ ಒತ್ತಿದೊಡನೆ ಕ್ಯಾಮೆರಾ ಆರಿಹೋಯಿತೇ? ಸೆಲ್ ಬದಲಿಸಿ. ಗೋಡೆ ಗಡಿಯಾರ ನಡೆಸುವ ಹಳೆಯ ಸೆಲ್‌ಗೆ ಫ್ಲ್ಯಾಶ್ ಬೆಳಗಿಸುವ ಶಕ್ತಿ ಇರುವುದಿಲ್ಲ.

ಚಳಿಯ ಮುಂಜಾನೆ ಹೊರಗಿದ್ದ ಕ್ಯಾಮೆರಾವನ್ನು ಸಾರು ಕುದಿಯುವ ಅಡುಗೆಮನೆಗೆ ತಂದರೆ ತಣ್ಣನೆಯ ಮಸೂರದ ಮೇಲೆ ಆವಿ ಹನಿಗಟ್ಟಿ ಚಿತ್ರ ಮಸುಕಾಗುತ್ತದೆ. ತುಸು ಕಾಯಿರಿ, ತಾನೇ ಆರುತ್ತದೆ. ಅಂಗಿಯ ತುದಿಯಿಂದ ಉಜ್ಜಿದರೆ ಗೀರು ಬಿದ್ದೀತು.

ಸ್ಕ್ರೂ ಬಿಚ್ಚಲು ಮಾತ್ರ ಹೋಗಬೇಡಿ. ಫ್ಲ್ಯಾಶಿನ ಕೆಪಾಸಿಟರ್‌ನಲ್ಲಿ ಸುಮಾರು 300 ವೋಲ್ಟ್ ಇರುತ್ತದೆ. ಸೆಲ್ ತೆಗೆದ ಮೇಲೂ ಅದು ಉಳಿದಿದ್ದು ಜೋರಾಗಿ ಶಾಕ್ ಹೊಡೆಯಬಹುದು.