ಲೇತ್ ಮುಂದೆ ನಿಲ್ಲಿ, ಭಾರ ಎತ್ತಬೇಡಿ

ಇಪ್ಪತ್ತೆರಡು ವರ್ಷ ಲೇತ್ ಓಡಿಸಿದವನು ಮನೇಲಿ ಸುಮ್ಮನೆ ಹೇಗೆ ಕೂರಲಿ ಎಂದು ಪೀಣ್ಯದಿಂದ ಕೇಳಿದ್ದೀರಿ. ಕೂರಬೇಡಿ. ಮಲಗಿಯೇ ಇದ್ದರೆ ಸ್ನಾಯು, ಮೂಳೆ ಎರಡೂ ಇನ್ನಷ್ಟು ಸೋಲುತ್ತವೆ. ಮೈಲೋಮಾ ಎಂಬ ರಕ್ತದ ಕ್ಯಾನ್ಸರಿಗೆ ನೀವು ನುಂಗುತ್ತಿರುವ ಲೆನಲಿಡೋಮೈಡ್‌ನಿಂದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ. ದಿನಾ ಸಮತಟ್ಟಾದ ಜಾಗದಲ್ಲಿ, ಆದಷ್ಟು ನಡೆಯಿರಿ.

ಆದರೆ ಮೈಲೋಮಾ ಮೂಳೆಯನ್ನು ಒಳಗಿನಿಂದಲೇ ಸವೆಸುತ್ತದೆ. ಬಗ್ಗಿ, ಕಬ್ಬಿಣದ ಜಾಬ್ ಎತ್ತಿ ಚಕ್‌ಗೆ ಕೂರಿಸುವ ಆ ಒಂದು ಗಳಿಗೆಯಲ್ಲೇ ಬೆನ್ನುಮೂಳೆ ಕುಸಿಯಬಹುದು. ಅದನ್ನು ಹುಡುಗರಿಗೆ ಬಿಡಿ. ವರ್ನಿಯರ್ ಹಿಡಿದು ಅಳತೆ ನೋಡುವ ಕೆಲಸ ಕೇಳಿ ಪಡೆಯಿರಿ. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಮುಂದಿನ ಸಲ ಹೋದಾಗ, ನಿಮ್ಮ ಸ್ಕ್ಯಾನ್ ನೋಡಿ ಎಷ್ಟು ಕಿಲೋ ಎತ್ತಬಹುದೆಂದು ಲೆಕ್ಕ ಹಾಕಿಸಿಕೊಳ್ಳಿ. ಬೊರ್ಟೆಜೋಮಿಬ್ ಇಂಜೆಕ್ಷನ್‌ನಿಂದ ಕೈಕಾಲು ಜೋಮು ಹಿಡಿದಿದ್ದರೆ ಅದನ್ನೂ ಮುಚ್ಚಿಡಬೇಡಿ, ಡೋಸ್ ಬದಲಿಸಲು ಬರುತ್ತದೆ. ಬೆರಳಿಗೆ ಸ್ಪರ್ಶ ತಿಳಿಯದಾಗ ತಿರುಗುವ ಯಂತ್ರದ ಹತ್ತಿರ ಹೋಗಲೇಬೇಡಿ.

ಬೆನ್ನುನೋವಿಗೆ ಮೆಡಿಕಲ್ ಶಾಪ್‌ನಿಂದ ಡೈಕ್ಲೋಫಿನಾಕ್ ತಂದು ನುಂಗಿದೆ ಎಂದು ಬರೆದಿದ್ದೀರಲ್ಲ, ಅದನ್ನು ಓದಿ ನನಗೆ ನಿಜಕ್ಕೂ ಆತಂಕವಾಯಿತು. ಈ ಕಾಯಿಲೆಯ ಪ್ರೋಟೀನ್ ಮೊದಲೇ ಕಿಡ್ನಿಯನ್ನು ಕೆಡಿಸುತ್ತಿರಬಹುದು, ಅದರ ಮೇಲೆ ಕಿಡ್ನಿಗೇ ಹೊರೆಯಾಗುವ ಆ ಮಾತ್ರೆ! ಇಂದೇ ನಿಲ್ಲಿಸಿ, ಡಾಕ್ಟರಿಗೆ ತಿಳಿಸಿ.

ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಕಾಲಿನ ಶಕ್ತಿ ಕುಂದಿದರೆ, ಮೂತ್ರ ಕಟ್ಟಿದರೆ ಬೆಳಗಾಗಲಿ ಎಂದು ಕಾಯದೆ ರಾತ್ರಿಯೇ ಆಸ್ಪತ್ರೆಗೆ ಹೊರಡಿ.